ಎರಡೂ ಕಡೆಯವರು ಕರೆದ ಮೇಲೆ

ಆ ವರ್ಷದ ಮಳೆಗಾಲದಲ್ಲಿ ಆಫ್ರಿಕಾದ ಎರಡು ನೆರೆಹೊರೆಯ ದೇಶಗಳ ಜಗಳ ಬಗೆಹರಿಯದೆ ನನ್ನ ತಮ್ಮನ ಮದುವೆ ನಿಂತುಹೋಗಿತ್ತು. ಹೀಗೆಂದರೆ ಈಗಿನ ಹುಡುಗರು ನಗುತ್ತಾರೆ. ನಗಲಿ. ಎರಡು ಸಾವಿರದ ಇಸವಿಯ ಆಚೀಚೆ ನಮ್ಮ ಬೆಳಗಾವಿ, ಖಾನಾಪುರದ ಕಡೆ ಮದುವೆ ನಿಲ್ಲಲು ಇದಕ್ಕಿಂತ ಸಣ್ಣ ಕಾರಣಗಳೂ ಸಾಕಾಗುತ್ತಿದ್ದವು.

ನಾನಾಗ ಬೆಳಗಾವಿಯ ಒಂದು ಸಣ್ಣ ಕನ್ನಡ ದಿನಪತ್ರಿಕೆಯಲ್ಲಿ ಉಪಸಂಪಾದಕಿ. ಇಂಗ್ಲಿಷಿನಲ್ಲಿ ಬರುವ ಹೊರದೇಶದ ಸುದ್ದಿಗಳನ್ನು ಕನ್ನಡಕ್ಕೆ ತಿರುಗಿಸಿ ಏಳನೇ ಪುಟ ತುಂಬಿಸುವುದು ನನ್ನ ಕೆಲಸ. ಪುಟದ ಅರ್ಧ ಜಾಹೀರಾತಿಗೆ ಹೋಗುತ್ತಿತ್ತು. ಉಳಿದರ್ಧದಲ್ಲಿ ಇಡೀ ಭೂಮಂಡಲ ಹಿಡಿಸಬೇಕು. ಮಳೆಗಾಲದಲ್ಲಿ ಅದಕ್ಕೂ ಕುತ್ತು. ಎಲ್ಲಾದರೂ ಒಂದು ಸೇತುವೆ ಮುಳುಗಿದರೆ ಅಮೆರಿಕವನ್ನೇ ಕಿತ್ತು ಹಾಕುತ್ತಿದ್ದರು. ಆ ಪುಟ ಓದಿ ಯಾರೂ ಒಂದು ಕಾರ್ಡು ಬರೆದದ್ದಿಲ್ಲ. ಬೇಕೆಂದೇ ತಪ್ಪು ಬರೆದರೂ ಕೇಳುವವರಿಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಬೇರೆ ಮಾತು.

ತಮ್ಮ ಸೈನ್ಯದಲ್ಲಿದ್ದ. ನಮ್ಮದು ಬೀಡಿ ಎಂಬ ಊರಿನ ಕಡೆಯ ಕುರಿ ಕಾಯುವ ಮನೆತನ. ಅಜ್ಜನ ಕುರಿಗಳು ಅಪ್ಪನ ಕಾಲಕ್ಕೆ ಹೊಲವಾದವು, ನಮ್ಮ ಕಾಲಕ್ಕೆ ನೌಕರಿಯಾದವು. ಅಪ್ಪ ತೀರಿಕೊಂಡ ಮೇಲೆ ಹೊಲವನ್ನೂ ನಮ್ಮಿಬ್ಬರನ್ನೂ ನಡೆಸಿದವಳು ಅವ್ವ. ಆ ಬೇಸಿಗೆಯಲ್ಲಿ ಅವಳೇ ಓಡಾಡಿ ತಮ್ಮನಿಗೆ ಖಾನಾಪುರದ ಹುಡುಗಿಯನ್ನು ನಿಶ್ಚಯ ಮಾಡಿದ್ದಳು. ಹುಡುಗಿ ಬಾಲವಾಡಿಯಲ್ಲಿ ಕಲಿಸುತ್ತಿದ್ದಳು. ಮಕ್ಕಳನ್ನು ಕನ್ನಡದಲ್ಲಿ ರಮಿಸಿ ಮರಾಠಿಯಲ್ಲಿ ಗದರಿಸುತ್ತಿದ್ದಳು. ತುಳಸಿ ಲಗ್ನವಾದ ಮೇಲೆ ಮದುವೆ ಎಂದು ಎರಡೂ ಮನೆಯವರು ಸಕ್ಕರೆ ತಿಂದಾಗಿತ್ತು.

ಶ್ರಾವಣದಲ್ಲಿ ತಮ್ಮನ ಪತ್ರ ಬಂತು. ಅವನು ಮಾತಾಡಿದಂತೆಯೇ ಬರೆಯುವವನು. "ಅಕ್ಕಾ, ನಮ್ಮ ಪಲ್ಟಣದಾಗ ಎಲ್ಲಾರ ತಲಿ ಅಳತಿ ತಗೊಂಡಾರ. ನೀಲಿ ಟೊಪ್ಪಿಗಿ ಬರತಾವಂತ. ಆಫ್ರಿಕಾಕ್ಕ ಹೋಗೂದು ಐತಿ, ಆದ್ರ ಇನ್ನೂ ನಕ್ಕಿ ಇಲ್ಲ. ನ್ಯೂಯಾರ್ಕಿನ್ಯಾಗ ಠರಾವು ಪಾಸ್ ಆಗಬೇಕಂತ. ನೀ ಪೇಪರಿನ್ಯಾಗ ಅದಿಯಲ್ಲಾ, ಪಾಸ್ ಆಕ್ಕೈತೋ ಇಲ್ಲೋ ನೋಡಿ ತಿಳಿಸು."

ನನ್ನನ್ನೇ ಕೇಳಿದರೆ ಪಾಸ್ ಮಾಡಿಸಿಬಿಡುತ್ತೇನೆ ಎಂದು ತಿಳಿದಿದ್ದನೋ ಏನೋ. ವಿಷಯ ಮಾತ್ರ ನನ್ನ ಮೇಜಿನ ಮೇಲೆಯೇ ಇತ್ತು. ಆ ಎರಡು ದೇಶಗಳು ಗಡಿಗಾಗಿ ಬಡಿದಾಡಿ, ಬಡಿದಾಡಿ ದಣಿದು, ಕದನ ನಿಲ್ಲಿಸಿದ್ದವು. ಗಡಿ ಎಂದರೆ ಏನೆಂದು ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರ ನಡುವೆ ಬೇರೆ ದೇಶಗಳ ಸೈನಿಕರು ನೀಲಿ ಟೊಪ್ಪಿಗೆ ಹಾಕಿಕೊಂಡು ಹೋಗಿ ನಿಲ್ಲಬೇಕು, ಶಾಂತಿ ಕಾಯಬೇಕು. ಅದಕ್ಕೆ ಜಗತ್ತಿನ ದೇಶಗಳ ದೊಡ್ಡ ಸಭೆಯಲ್ಲಿ ನಿರ್ಣಯವಾಗಬೇಕು. ಆ ಸಭೆಯ ಹದಿನೈದು ದೇಶಗಳ ಮಂಡಳಿಯಲ್ಲಿ ಒಂಬತ್ತು ಕೈ ಏಳಬೇಕು, ಐದು ದೊಡ್ಡ ದೇಶಗಳಲ್ಲಿ ಒಂದೂ ಬೇಡವೆನ್ನಬಾರದು. ನಿರ್ಣಯವಾದರೆ ನಮ್ಮ ದೇಶದ ಪಡೆಯೂ ಹೋಗುವುದಿತ್ತು, ಅದರಲ್ಲಿ ನನ್ನ ತಮ್ಮನ ತಲೆಯ ಅಳತೆಯೂ ಸೇರಿತ್ತು.

ಈ ಸುದ್ದಿ ಖಾನಾಪುರಕ್ಕೆ ತಲುಪಿ, ಅಲ್ಲಿಂದ ಜಾಂಬೋಟಿಗೆ ಹೋಯಿತು. ಜಾಂಬೋಟಿಯಲ್ಲಿ ಹುಡುಗಿಯ ಸೋದರಮಾವ ಇದ್ದರು. ಅವಳಿಗೆ ತಂದೆ ಇರಲಿಲ್ಲ; ಭತ್ತದ ಗದ್ದೆಯಲ್ಲಿ ದುಡಿದು ಅವಳನ್ನು ಓದಿಸಿದವರು ಈ ಮಾವನೇ. ನಮ್ಮಲ್ಲಿ ಸೋದರಮಾವ ಕೈ ಹಿಡಿದು ಕರೆತರದೆ ಹುಡುಗಿ ಮಂಟಪಕ್ಕೆ ಬರುವುದಿಲ್ಲ. ಅವರು ಹೇಳಿ ಕಳಿಸಿದರು: ಗುಂಡು ಹಾರುವಲ್ಲಿಗೆ ಹೋಗುವವನಿಗೆ ನಾನು ಹುಡುಗಿಯನ್ನು ಕೊಡುವುದಿಲ್ಲ.

ನಾನು ಖಾನಾಪುರಕ್ಕೆ ಹೋಗಿ ಹುಡುಗಿಯನ್ನೇ ಕೇಳಿದೆ. ಅವಳು ಅತ್ತು ಕರೆಯುವ ಪೈಕಿ ಅಲ್ಲ.

"ನಾ ಇವರನ್ನ ಬಿಟ್ಟು ಮತ್ತ ಯಾರನ್ನೂ ಮದಿವಿ ಆಗೂದಿಲ್ರೀ ಅಕ್ಕಾರ," ಎಂದಳು. "ಆದ್ರ ಮಾಮಾ ಕೈ ಹಿಡೀಲಾರದ ಮಂಟಪಕ್ಕ ಬರೂದಿಲ್ಲ. ಎರಡೂ ಆಗಬೇಕು. ಹೆಂಗ ಮಾಡ್ತೀರಿ ನೋಡ್ರಿ."

ನ್ಯೂಯಾರ್ಕಿನ ರಾಯಭಾರಿಗಳಿಗೆ ಕೊಡಬೇಕಾದ ಕೆಲಸವನ್ನು ನನಗೆ ಕೊಟ್ಟು ಅವಳು ಬಾಲವಾಡಿಗೆ ಹೊರಟುಹೋದಳು.

ಮುಂದಿನ ರವಿವಾರ ಅವ್ವ, ನಾನು ಜಾಂಬೋಟಿಯ ಬಸ್ಸು ಹತ್ತಿದೆವು. ಅವ್ವ ದಾರಿಯುದ್ದಕ್ಕೂ ಒಂದೇ ಪಾಠ ಹೇಳುತ್ತಿದ್ದಳು. "ಕೇಳಾಕ ಹೋದಾಗ ಅವರ ಮನ್ಯಾಗ ನೀರು ಸುದ್ದಾ ಮುಟ್ಟಬಾರದು. ಹೂಂ ಅಂದ್ರ ಕುಡೀತೀವಿ, ಇಲ್ಲಾಂದ್ರ ಹಂಗ ಏಳ್ತೀವಿ ಅನ್ನಬೇಕು. ಮನಿಗೆ ಬಂದವ್ರನ್ನ ಬಾಯಿ ಒಣಗಿಸಿ ಕಳಿಸಾಕ ಯಾರಿಗೂ ಮನಸ್ಸ ಬರೂದಿಲ್ಲ. ಒಮ್ಮಿ ಕುಡದ್ವಿ ಅಂದ್ರ ಮುಗೀತು, ನಮ್ಮ ಮಾತಿಗೆ ತೂಕ ಇರೂದಿಲ್ಲ." ಹೆಣ್ಣು ಕೇಳಲು ಹೋದವರು, ಹೊಲದ ಹಂಚಿಕೆಗೆ ಹೋದವರು ಎಲ್ಲರೂ ನಮ್ಮ ಕಡೆ ಹೀಗೇ ಮಾಡುತ್ತಿದ್ದರು. ನಾನು ಹೂಂ ಹೂಂ ಎಂದೆ.

ಜಾಂಬೋಟಿಯಲ್ಲಿ ಇಳಿದಾಗ ಆ ಊರಿನ ಮಳೆ ಹಿಡಿದುಕೊಂಡಿತು. ಗಾಳಿಗೆ ಕೊಡೆ ಮೇಲಕ್ಕೆ ಮಗುಚಿ, ಸೀರೆ ಕಾಲಿಗೆ ಸುತ್ತಿ, ಗದ್ದೆಯ ಬದುವಿನ ಮೇಲೆ ಎರಡು ಸಲ ಜಾರಿ ಅವರ ಮನೆ ಮುಟ್ಟುವಾಗ ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಒಳಗೆ ಕೂತು ಐದು ನಿಮಿಷ ಆಗಿಲ್ಲ, ಕೈಗೆ ಬಿಸಿ ಬಿಸಿ ಬಟ್ಟಲು ಬಂತು. ನಿಂಬೆಯ ವಾಸನೆಯ ಗವತಿ ಹುಲ್ಲು ಹಾಕಿ ಕುದಿಸಿದ ಚಹಾ. ಆ ವಾಸನೆಗೆ ನನ್ನ ಓದು, ಬರಹ, ಅವ್ವನ ಪಾಠ ಎಲ್ಲ ಹಾರಿಹೋಯಿತು. ಅರ್ಧ ಬಟ್ಟಲು ಮುಗಿದ ಮೇಲೆ ತಲೆ ಎತ್ತಿ ನೋಡುತ್ತೇನೆ, ಅವ್ವ ತನ್ನ ಬಟ್ಟಲನ್ನು ನೆಲಕ್ಕಿಟ್ಟು ನನ್ನನ್ನೇ ನುಂಗುವ ಹಾಗೆ ನೋಡುತ್ತಿದ್ದಾಳೆ.

ಮಾವ ಮೀಸೆಯಡಿಯಲ್ಲಿ ನಗುತ್ತಿದ್ದರು. "ಇರಲಿ ಬಿಡ್ರಿ ಅಕ್ಕಾರ," ಎಂದು ಅವ್ವನಿಗೆ ಹೇಳಿ ನನ್ನ ಕಡೆ ತಿರುಗಿದರು. "ಚಹಾ ಕುಡದಿ ಅಲ್ಲ ತಂಗಿ? ಇನ್ನ ಕೇಳೂ ಪಾಳಿ ನಂದು. ಪೇಪರಿನ್ಯಾಗ ಅದಿ ಅಂತ ಕೇಳೇನಿ. ಅವರಿಬ್ರೂ ಬಡದಾಡಿದ್ರ ನಮ್ಮ ಹುಡುಗ ಯಾಕ ನಡಬರಕ ಹೋಗಬೇಕು?"

ನಾನು ಏಳನೇ ಪುಟದ ಭಾಷೆಯಲ್ಲಿ ಶುರು ಮಾಡಿದೆ. ಕದನವಿರಾಮ, ಶಾಂತಿಪಾಲನೆ, ಕರಡು ನಿರ್ಣಯ. ಅವರು ಕೈ ಅಡ್ಡ ಮಾಡಿ ನಿಲ್ಲಿಸಿದರು. ಅಂಗಿಯ ತೋಳು ಮೇಲಕ್ಕೆ ಸರಿಸಿ ಮೊಣಕೈಯ ಮೇಲಿನ ಒಂದು ಹಳೆಯ ಗಾಯದ ಗುರುತು ತೋರಿಸಿದರು.

"ಇದು ನೋಡು. ಮಳಿಗಾಲದಾಗ ಮ್ಯಾಲಿನ ಗದ್ದಿಯಾವ ನೀರು ಬಿಡೂದಿಲ್ಲ, ಕೆಳಗಿನಾವ ಬದು ಒಡೀತಾನ, ದಿನಾ ಜಗಳ. ಬಿಡಸಾಕ ಎಲ್ಲಾರೂ ನನ್ನ ಕರೀತಾರ. ಒಮ್ಮಿ ಯಾರೂ ಕರೀಲಿಲ್ಲ, ನಾನ ಶಾಣ್ಯಾ ಅಂತ ನಡಬರಕ ಹೋಗಿ ನಿಂತ್ನಿ. ಇಬ್ರೂ ಒಂದ ಆಗಿ ನನಗ ಬಡದ್ರು! ಅವತ್ತಿನಿಂದ ಒಂದ ಕಾಯದೆ ಮಾಡೇನಿ. ಕೈಯಾಗ ಕುಡಗೋಲ ಹಿಡದು ಹೋಗೂದಿಲ್ಲ. ಮತ್ತ ಎರಡೂ ಕಡೀಯವ್ರು ಬಂದು ಕರೀಬೇಕು. ಒಬ್ಬಾವ ಕರದ್ರ ಹೋಗೂದಿಲ್ಲ. ಈಗ ಹೇಳು, ಈ ಆಫ್ರಿಕಾದವ್ರು ಎರಡೂ ಕಡೀಯಿಂದ ಕರದಾರೇನು?"

ಮೂರು ವಾರದಿಂದ ನಾನೇ ತಿರುಗಿಸುತ್ತಿದ್ದ ಸುದ್ದಿಗಳ ತಿರುಳು ಇದೇ ಆಗಿತ್ತು. ಒಂದು ದೇಶ ಒಪ್ಪಿಗೆಯ ಪತ್ರ ಕೊಟ್ಟಿತ್ತು. ಇನ್ನೊಂದು, ಸೈನಿಕರು ಎಲ್ಲಿಂದ ಎಲ್ಲಿಯವರೆಗೆ ನಿಲ್ಲುತ್ತಾರೋ ನಕ್ಷೆ ತೋರಿಸಿ, ಆಮೇಲೆ ನೋಡೋಣ ಎನ್ನುತ್ತಿತ್ತು. ರಾಯಭಾರಿಗಳು ಆ ಒಂದು 'ಹೂಂ'ಗಾಗಿಯೇ ಊರೂರು ತಿರುಗುತ್ತಿದ್ದರು.

"ಒಬ್ರು ಕರದಾರ್ರಿ. ಇನ್ನೊಬ್ರನ್ನ ಒಪ್ಪಸಾಕತ್ತಾರ," ಎಂದೆ.

"ಹಂಗಾರ ಇನ್ನೊಬ್ರೂ ಕರೀಲಿ. ಕರದಾರ ಅಂತ ನಿನ್ನ ಪೇಪರಿನ್ಯಾಗ ಬರಲಿ. ಇಲ್ಲೆ ಅಂಗಡಿಗೆ ಮಧ್ಯಾಹ್ನದ ಬಸ್ಸಿಗೆ ಬರತೈತಿ, ನಾ ಓದತೀನಿ. ಬಂದ ದಿನಾ ನಾನ ಹುಡುಗಿ ಕೈ ಹಿಡದು ಮಂಟಪಕ್ಕ ತರತೀನಿ."

ಬಸ್ಸಿನಲ್ಲಿ ಅವ್ವ ಖಾನಾಪುರ ಬರುವವರೆಗೂ ನನಗೆ ಬೆನ್ನು ಮಾಡಿ ಮಳೆ ನೋಡುತ್ತಾ ಕೂತಿದ್ದಳು. ಇಳಿಯುವಾಗ ಮಾತ್ರ, "ಚಹಾ ಚಲೋ ಇತ್ತೇನು?" ಎಂದು ಕೇಳಿದಳು.

ಹೀಗೆ ಏಳನೇ ಪುಟಕ್ಕೆ ಒಬ್ಬರು ಓದುಗರು ಸಿಕ್ಕರು. ಮರುದಿನದಿಂದ ನಾನು ಆಫ್ರಿಕಾದ ಸುದ್ದಿಗೆ ಜಾಗ ಕೇಳತೊಡಗಿದೆ. ನಮ್ಮ ಸುದ್ದಿ ಸಂಪಾದಕರು ಒಳ್ಳೆಯವರು, ಆದರೆ ಅವರ ಭೂಗೋಳ ಧಾರವಾಡಕ್ಕೆ ಮುಗಿಯುತ್ತಿತ್ತು.

"ಆಫ್ರಿಕಾ ಯಾರ ಓದ್ತಾರ್ರೀ?" ಎಂದರು.

"ಜಾಂಬೋಟಿಯೊಳಗ ಒಬ್ರು ಓದ್ತಾರ್ರೀ."

"ಒಬ್ರ ಸಲುವಾಗಿ ಎರಡು ಕಾಲಂ ಕೊಡಬೇಕೇನು?"

ನಾನು ಅವರ ರವಿವಾರದ ಪಾಳಿಯನ್ನು ಒಂದು ತಿಂಗಳು ನಾನೇ ಮಾಡುತ್ತೇನೆ ಎಂದೆ. ಅವರು ಒಂದು ಕಾಲಂ ಎಂದರು. ಮಗಳ ಇಂಗ್ಲಿಷ್ ಪಾಠ ನೋಡಿಕೊಡುತ್ತೇನೆ ಎಂದೆ. ಒಂದೂವರೆಗೆ ಬಂದರು. ಅಲ್ಲಿಗೆ ಒಪ್ಪಿ ಕೈ ಕುಲುಕಿದೆವು. ಆಮೇಲೆ ತಿಳಿದದ್ದು, ನ್ಯೂಯಾರ್ಕಿನಲ್ಲೂ ಇದಕ್ಕಿಂತ ಬೇರೆ ಏನೂ ನಡೆಯುತ್ತಿರಲಿಲ್ಲ. ಒಂದು ದೊಡ್ಡ ದೇಶ ಇಷ್ಟು ಸೈನಿಕರು ಬೇಡ, ಕಡಿಮೆ ಮಾಡಿ ಎನ್ನುತ್ತಿತ್ತು. ಇನ್ನೊಂದು ಆರೇ ತಿಂಗಳು ಎನ್ನುತ್ತಿತ್ತು. ಮತ್ತೊಂದರ ಪ್ರತಿನಿಧಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ, ಕೊನೆಗೆ ತಾನು ತಟಸ್ಥ ಎನ್ನುತ್ತಿದ್ದ. ನಿರ್ಣಯವನ್ನು ಮುಂದಿಟ್ಟ ದೇಶದ ರಾಯಭಾರಿ ಒಂದೇ ದಿನ ಮೂರು ಕಡೆ ಊಟಕ್ಕೆ ಹೋಗಿದ್ದನಂತೆ. ಕರಡಿನಲ್ಲಿ ಒಂದು ಮಾತು ತೆಗೆದರೆ ಇವರು ಒಪ್ಪುತ್ತಿದ್ದರು, ಅದನ್ನು ತೆಗೆದದ್ದಕ್ಕೆ ಅವರು ಮುನಿಯುತ್ತಿದ್ದರು. ಅವ್ವನಿಗೆ ಓದಿ ಹೇಳಿದರೆ, "ಬೀಗರ ಊಟಕ್ಕ ಸಾರು ಮಾಡಿದಂಗ ಆತು. ಒಬ್ರಿಗೆ ಖಾರ, ಒಬ್ರಿಗೆ ಸಪ್ಪಿ," ಎಂದು ನಗುತ್ತಿದ್ದಳು.

ನಾನು ಬರೆಯುವ ರೀತಿಯೂ ಬದಲಾಯಿತು. ಮೊದಲು ಇಂಗ್ಲಿಷ್ ವಾಕ್ಯವನ್ನು ಹಾಗೇ ಎತ್ತಿ ಕನ್ನಡದ ಬಟ್ಟೆ ತೊಡಿಸುತ್ತಿದ್ದೆ. ಈಗ ಜಾಂಬೋಟಿಯ ಅಂಗಡಿಯ ಕಟ್ಟೆಯ ಮೇಲೆ ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದುವ ಒಬ್ಬರು ಕಣ್ಣ ಮುಂದೆ ಬರುತ್ತಿದ್ದರು. ಐದು ದೊಡ್ಡ ದೇಶಗಳ ವಿಶೇಷ ಹಕ್ಕನ್ನು ಅವರಿಗಾಗಿಯೇ ಒಂದು ಚೌಕಟ್ಟು ಹಾಕಿ ವಿವರಿಸಿದೆ. ಅದನ್ನು ಓದಿ ಅವರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಮಾತು ಕಳಿಸಿದರು: "ತಿಳೀತು ಅನ್ನು. ಅವರು ಐದು ಮನಿ ಮಾನಕರಿ ಅದಾರ, ಜಾತ್ರ್ಯಾಗ ಮೊದಲ ಮಾನ ತಗೊಳ್ಳಾವ್ರು ಇದ್ದಂಗ. ಊರು ಹೂಂ ಅಂದ್ರೂ ಒಬ್ಬ ಮಾನಕರಿ ಒಲ್ಲೆ ಅಂದ್ರ ಮುಗೀತು." ಸುದ್ದಿ ಸಂಪಾದಕರು ಅದನ್ನು ಕೇಳಿ, ನನಗಿಂತ ಜಾಂಬೋಟಿಯವರೇ ಚೆನ್ನಾಗಿ ಬರೆಯುತ್ತಾರೆ ಎಂದರು. ಖರೇ ಮಾತು. ನನಗೇನೂ ಸಿಟ್ಟು ಬರಲಿಲ್ಲ.

ಆದರೆ ಎರಡನೇ ದೇಶ ಮಾತ್ರ ಹೂಂ ಎನ್ನಲಿಲ್ಲ. ಗಣಪತಿ ಬಂದ, ಹೋದ. ಮಾತುಕತೆ ಮುಂದುವರಿದಿದೆ, ಮಾತುಕತೆ ಮುಂದುವರಿದಿದೆ. ಅದೇ ವಾಕ್ಯವನ್ನು ಎಷ್ಟು ಸಲ ಬರೆದೆನೋ. ತುಳಸಿ ಲಗ್ನ ಹತ್ತಿರ ಬರುತ್ತಿತ್ತು. ಖಾನಾಪುರದಲ್ಲಿ ಹುಡುಗಿಯ ಮನೆಗೆ ಬೇರೆ ಒಂದೆರಡು ಕಡೆಯಿಂದ ಕೇಳಿಕೊಂಡು ಬರತೊಡಗಿದ್ದರು. ತಮ್ಮನ ಪತ್ರಗಳಲ್ಲಿ ನಗೆ ಕಡಿಮೆಯಾಯಿತು. "ಅಕ್ಕಾ, ಆಕಿ ಏನಂತಾಳ?" ಎಂದಷ್ಟೇ ಕೇಳುತ್ತಿದ್ದ.

ಅವ್ವ ಕಣ್ಣು ತೋರಿಸಲು ಬೆಳಗಾವಿಗೆ ಬಂದವಳು ನನ್ನ ಮನೆಯಲ್ಲಿ ರೊಟ್ಟಿ ತಟ್ಟುತ್ತಾ ಹೇಳಿದಳು. "ಒಂದ ಸಾಲು ಬರದ್ರ ಏನಾಕ್ಕೈತಿ? ಎರಡೂ ಕಡೀಯವ್ರು ಕರದಾರ ಅಂತ. ಇವತ್ತಿಲ್ಲ ನಾಳಿ ಕರಿಯಾವ್ರ ಅದಾರ. ಆಫ್ರಿಕಾದವ್ರು ಬಂದು ನಿನ್ನ ಕೇಳ್ತಾರೇನು?"

ಬಾಯಲ್ಲಿ ಅವ್ವನನ್ನು ಬೈದೆ. ಆದರೆ ಆ ದಿನ ಆಫೀಸಿನಲ್ಲಿ ಕೂತಾಗ ಕೈ ತಾನಾಗಿಯೇ ಬರೆಯಿತು: 'ಎರಡೂ ದೇಶಗಳು ಶಾಂತಿಪಾಲಕರನ್ನು ಬರಮಾಡಿಕೊಳ್ಳಲು ಒಪ್ಪಿವೆ ಎಂದು ತಿಳಿದುಬಂದಿದೆ.' ಆ 'ತಿಳಿದುಬಂದಿದೆ' ಎಂಬ ಮಾತು ಪತ್ರಿಕೆಯವರ ಪಾಲಿಗೆ ಎಂಥ ಅನುಕೂಲದ ಮಾತು! ಯಾರಿಗೆ ತಿಳಿಯಿತು, ಎಲ್ಲಿಂದ ಬಂತು, ಯಾರೂ ಕೇಳುವುದಿಲ್ಲ. ಹಾಳೆ ಕಂಪೋಸಿಂಗಿಗೆ ಹೋಗುವುದೊಂದೇ ಬಾಕಿ.

ಹಾಳೆ ಹಿಡಿದು ಎದ್ದೆ, ನಾಲ್ಕು ಹೆಜ್ಜೆ ಹೋದೆ, ನಿಂತೆ. ಹೆದರಿಕೆಯಾಯಿತು. ಸುಳ್ಳು ಬರೆದ ಹೆದರಿಕೆಯಲ್ಲ. ಆ ಗಾಯದ ಗುರುತು ಕಣ್ಣ ಮುಂದೆ ಬಂತು. ಕರೆಯದ ಕಡೆ ನಡುವೆ ಹೋಗಿ ನಿಲ್ಲುವವನು ನನ್ನ ತಮ್ಮ. ನಾನು ಇಲ್ಲಿ ಅವರು ಕರೆದರು ಎಂದು ಬರೆದರೆ ಅಲ್ಲಿ ಅವರು ಕರೆದಂತಾಗುವುದಿಲ್ಲ. ಇಷ್ಟು ದಿನ ನಾನು ಮದುವೆಯ ಚಿಂತೆ ಮಾಡಿದ್ದೆ. ಹುಡುಗ ಜೀವಂತ ತಿರುಗಿ ಬರುವ ಚಿಂತೆ ಮಾಡುತ್ತಿದ್ದವರು ಆ ಜಾಂಬೋಟಿಯ ಮುದುಕ ಒಬ್ಬರೇ. ನಾಚಿಕೆಯಾಯಿತು. ಆ ಸಾಲು ಹೊಡೆದುಹಾಕಿ, 'ಎರಡನೇ ದೇಶ ಇನ್ನೂ ಒಪ್ಪಿಲ್ಲ; ಮತ್ತಷ್ಟು ಸಮಯ ಕೇಳಿದೆ' ಎಂದು ಬರೆದು ಕಳಿಸಿದೆ. ಸಂಜೆ ಅವ್ವನಿಗೆ ಹೇಳಿದರೆ ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಅದಾಗಿ ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಆಫೀಸಿಗೆ ಹೋಗಿ ರಾತ್ರಿ ಬಂದಿದ್ದ ಸುದ್ದಿಗಳನ್ನು ತಿರುವುತ್ತೇನೆ, ಎಲ್ಲಕ್ಕಿಂತ ಮೇಲೆ ಅದೇ ಇತ್ತು. ನಕ್ಷೆ ನೋಡಿ ಎರಡನೇ ದೇಶ ಒಪ್ಪಿತ್ತು. ಮಂಡಳಿಯಲ್ಲಿ ನಿರ್ಣಯ ಪಾಸಾಗಿತ್ತು. ತಟಸ್ಥ ಎಂದವನೂ ಕೈ ಎತ್ತಿದ್ದ! ನಾನು ಆಫೀಸಿನಲ್ಲಿ ಕೂಗಿಕೊಂಡೆ. ಜಾಹೀರಾತಿನವರು ಯಾರಿಗೋ ಲಾಟರಿ ಹತ್ತಿತೆಂದು ಓಡಿ ಬಂದರು.

ಸುದ್ದಿಯನ್ನು ಕನ್ನಡಕ್ಕೆ ತಿರುಗಿಸಿ ಮುಗಿಸಿರಲಿಲ್ಲ, ಬಾಗಿಲಲ್ಲಿ ಒದ್ದೆ ಕೊಡೆ ಹಿಡಿದ ಜಾಂಬೋಟಿಯ ಮಾವ ನಿಂತಿದ್ದರು. ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದರು. ಕುರ್ಚಿ ಕೊಟ್ಟು, "ಬರ್ರಿ, ಕುಂದರ್ರಿ," ಎಂದೆ.

"ಆತಲ್ಲ ತಂಗಿ. ಇಬ್ರೂ ಕರದ್ರಲ್ಲ."

"ನಿಮಗ ಹೆಂಗ ಗೊತ್ತಾತ್ರೀ? ಪೇಪರಿನ್ಯಾಗ ನಾಳಿಗೆ ಬರೂದು!"

"ಮನ್ಯಾಗ ರೇಡಿಯೋ ಐತಲ್ಲ. ಮುಂಜಾನೆ ಹೇಳಿದ್ರು. ಈ ಎರಡ ತಿಂಗಳು ದಿನಾ ಕೇಳೇನಿ."

ಮೂಗಿನ ತುದಿಯ ಸಿಟ್ಟು ಬಂದೇಬಿಟ್ಟಿತು. "ಮತ್ತ ನನ್ನ ಪೇಪರಿನ್ಯಾಗ ಬರಲಿ ಅಂತ ಯಾಕ ಗಂಟು ಬಿದ್ದಿದ್ರಿ?"

"ನೀ ಏನ ಬರೀತಿ ನೋಡಾಕ," ಎಂದರು ಶಾಂತವಾಗಿ. "ಆಫ್ರಿಕಾದವ್ರು ಹೆಂಗ ಅದಾರ ನನಗೇನು ತಿಳೀತೈತಿ? ಬೀಗರು ಹೆಂಗ ಅದಾರ ತಿಳೀಬೇಕಾಗಿತ್ತು. ಎರಡನೇದಾವ್ರು ಒಪ್ಪಿಲ್ಲ ಅಂತ ಖರೇ ಬರದಿಯಲ್ಲ, ಅವತ್ತ ನಾ ಒಪ್ಪೇನಿ."

ಹೊಡೆದುಹಾಕಿದ ಆ ಸಾಲು ನೆನಪಾಯಿತು. ಅದನ್ನು ಅವರಿಗೆ ಹೇಳಲಿಲ್ಲ. ಇಂದಿಗೂ ಹೇಳಿಲ್ಲ.

ಅವರು ಹೊರಡುವವರಂತೆ ಎದ್ದು, ಮತ್ತೆ ಕೂತರು. ಮಾತು ತಗ್ಗಿಸಿದರು. "ಇನ್ನೊಂದು ಮಾತೈತಿ ತಂಗಿ. ಹುಡುಗ ಅಲ್ಲಿಗೆ ಹೋದ ಮ್ಯಾಲ ಒಳ್ಳೇದಿರಲಿ, ಕೆಟ್ಟದಿರಲಿ, ಸುದ್ದಿ ಮೊದಲ ನಿನ್ನ ಮೇಜಿಗೆ ಬರತೈತಿ. ಪೇಪರಿನ್ಯಾಗ ಹಾಕೂಕಿಂತ ಮೊದಲ ನನಗ ಹೇಳಬೇಕು. ಆ ಹುಡುಗಿ ಅಂಥಾದನ್ನ ಅಂಗಡಿ ಕಟ್ಟಿ ಮ್ಯಾಲ ಓದಬಾರದು. ನಾ ಹೇಳತೀನಿ ಆಕಿಗೆ."

"ಹೇಳ್ತೀನ್ರಿ ಮಾಮಾ," ಎಂದೆ. ಅವರನ್ನು ಮಾಮಾ ಎಂದದ್ದು ಅದೇ ಮೊದಲು.

ತುಳಸಿ ಲಗ್ನವಾದ ವಾರಕ್ಕೆ ಮದುವೆಯಾಯಿತು. ಮಾವ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ತಂದರು. ಸುದ್ದಿ ಸಂಪಾದಕರೂ ಬಂದು ಉಂಡು, ಆಫ್ರಿಕಾಕ್ಕೆ ಒಂದೂವರೆ ಕಾಲಂ ಕೊಟ್ಟದ್ದಕ್ಕೆ ಎರಡು ಹೋಳಿಗೆ ಹೆಚ್ಚು ಹಾಕಿಸಿಕೊಂಡರು. ಹೊಸ ವರ್ಷದ ಹೊತ್ತಿಗೆ ತಮ್ಮ ನೀಲಿ ಟೊಪ್ಪಿಗೆ ಹಾಕಿಕೊಂಡು ಹೋದ. ಅಲ್ಲಿಂದ ಬಂದ ಪತ್ರಗಳಲ್ಲಿ ಬಿಸಿಲನ್ನೂ ನೊಣಗಳನ್ನೂ ಬೈಯುತ್ತಿದ್ದ. ಎರಡೂ ಕಡೆಯ ಹಳ್ಳಿಯವರು ಕರೆದು ಕಾಫಿ ಕೊಡುತ್ತಾರೆ ಎಂದೂ ಬರೆದಿದ್ದ.

ನಾನು ದಿನಾ ಬೆಳಿಗ್ಗೆ ರಾತ್ರಿಯ ಸುದ್ದಿಗಳನ್ನು ಎದೆ ಹಿಡಿದು ತಿರುವಿ, ಜಾಂಬೋಟಿಯ ಅಂಗಡಿಗೆ ಫೋನ್ ಮಾಡುತ್ತಿದ್ದೆ. ಮಾವ ಅಲ್ಲೇ ಕಾಯುತ್ತಿರುತ್ತಿದ್ದರು.

"ಏನೂ ಸುದ್ದಿ ಇಲ್ರೀ ಮಾಮಾ."

"ಚಲೋ ಆತು ನೋಡವಾ."

ಇಷ್ಟೇ ಮಾತು. ದಿನಾ ಇಷ್ಟೇ. ಸುದ್ದಿ ಹುಡುಕುವುದೇ ಹೊಟ್ಟೆಪಾಡಾದ ನಾನು, ಇವತ್ತೂ ಸುದ್ದಿ ಇಲ್ಲದಿರಲಿ ಎಂದು ಒಂದು ವರ್ಷ ಬಸವಣ್ಣನಿಗೂ ಬೀರಪ್ಪನಿಗೂ ಕೈ ಮುಗಿದೆ.

ಒಂದು ಬೆಳಿಗ್ಗೆ ತಲೆ ಎತ್ತಿದರೆ ಮೇಜಿನ ಮುಂದೆ ಕರ್ರಗಾದ ಒಬ್ಬ ಮನುಷ್ಯ ಹೆಗಲಿಗೆ ಚೀಲ ಹಾಕಿಕೊಂಡು ನಗುತ್ತಾ ನಿಂತಿದ್ದ. ಹೇಳದೆ ಕೇಳದೆ ರೈಲು ಇಳಿದು ಸೀದಾ ಆಫೀಸಿಗೆ ಬಂದಿದ್ದ. ನಾನು ಅವನನ್ನು ತಬ್ಬಿಕೊಂಡು ಅತ್ತೆ, ಅವನ ಬೆನ್ನಿಗೆ ಎರಡು ಬಾರಿಸಿದೆ, ಅಳುತ್ತಲೇ ಜಾಂಬೋಟಿಗೆ ಫೋನ್ ಹಚ್ಚಿದೆ.

"ಮಾಮಾ, ಇವತ್ತ ಸುದ್ದಿ ಐತ್ರೀ!"

ಆ ಕಡೆ ಅಂಗಡಿಯ ಗದ್ದಲ ಕೇಳುತ್ತಿತ್ತು, ಮಾವನ ಉಸಿರು ಕೂಡ ಕೇಳುತ್ತಿರಲಿಲ್ಲ. ಆಗ ನನಗೆ ತಿಳಿಯಿತು, ನಾನು ಅಳುವ ದನಿಯಲ್ಲಿ ಎಂಥ ಮಾತು ಆಡಿದ್ದೇನೆಂದು.

"ಬಂದಾನ್ರೀ! ಬಂದಾನ ಮಾಮಾ! ಇಲ್ಲೇ ನನ್ನ ಬಾಜೂ ನಿಂತಾನ!"

ಆಗ ಮಾವನ ದನಿ ಬಂತು.

"ಹಂಗ ಹೇಳಬಾರದು ನನ್ನವ್ವ. ಮೊದಲ ಬಂದಾನ ಅನ್ನಬೇಕು. ಸುದ್ದಿ ಐತಿ ಅನ್ನೂದು ಆಮ್ಯಾಲ."